ತಾಲ್ಲೂಕು ಆಸ್ಪತ್ರೆಯಲ್ಲಿ ಪೋಸ್ಟ್ ಮಾರ್ಟಂ ಮಾಡುವವರು ಅದನ್ನೇ ಓದಿದ ಡಾಕ್ಟರಾ?

ಗದಗ ಜಿಲ್ಲೆಯ ಓದುಗರೊಬ್ಬರ ಪ್ರಶ್ನೆ: "ನಮ್ಮ ಕಾಕಾ ಹೊಲದಲ್ಲಿ ತೀರಿಕೊಂಡರು. ತಾಲ್ಲೂಕು ಆಸ್ಪತ್ರೆಯಲ್ಲಿ ಪಿ.ಎಂ. ಆಯ್ತು. ಮಾಡಿದವರು ದಿನಾ ಜ್ವರ, ಕೆಮ್ಮು ನೋಡುವ ಡಾಕ್ಟರೇ. ಅವರಿಗೆ ಇದೆಲ್ಲ ಗೊತ್ತಿರುತ್ತಾ?"

ಗೊತ್ತಿರುತ್ತದೆ. ಎಂಬಿಬಿಎಸ್ ಮಾಡುವ ಎಲ್ಲರೂ ಪೋಸ್ಟ್ ಮಾರ್ಟಂ ಕಲಿಸುವ ನ್ಯಾಯವೈದ್ಯಶಾಸ್ತ್ರ ಓದಿ ಪಾಸಾಗಲೇಬೇಕು. ಆದರೆ ಅವರು ತಜ್ಞರೇ ಆಗಿರಬೇಕು ಅಂತಿಲ್ಲ. ಎಂಬಿಬಿಎಸ್ ಆದ ಮೇಲೆ 3 ವರ್ಷ ಇದರಲ್ಲೇ ಎಂ.ಡಿ. ಮಾಡಿದವರು ಸಿಗುವುದು ಹೆಚ್ಚಾಗಿ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಗದಗ ಜಿಮ್ಸ್‌ನಂಥ ಮೆಡಿಕಲ್ ಕಾಲೇಜುಗಳಲ್ಲಿ. ಧಾರವಾಡದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯವೂ ಇದಕ್ಕೇ ಇರೋದು ಅಂತ ಹಲವರು ತಿಳಿದಿದ್ದಾರೆ. ಅಲ್ಲ, ಅಲ್ಲಿ ಕಲಿತವರು ಹೆಚ್ಚಾಗಿ ವಿಷ, ರಕ್ತ ಪರೀಕ್ಷಿಸುವ ಲ್ಯಾಬ್ ಕಡೆಯವರು.

ಇದನ್ನೆಲ್ಲ ನೋಡಿಕೊಳ್ಳುವ ಒಂದೇ ಇಲಾಖೆ ನಮ್ಮಲ್ಲಿಲ್ಲ. ಪಂಚನಾಮೆ ಮಾಡಿ ಶವ ಕಳಿಸುವುದು ಪೊಲೀಸರು. 2024ರ ಜುಲೈ 1ರಿಂದ ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಕಾಯ್ದೆಯ 194ನೇ ಕಲಂ, ಮೊದಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ 174 ಇತ್ತು. ತಾಲ್ಲೂಕಿನ ಡಾಕ್ಟರು ಆರೋಗ್ಯ ಇಲಾಖೆಯವರು, ಕಾಲೇಜಿನವರು ವೈದ್ಯಕೀಯ ಶಿಕ್ಷಣದವರು, ಲ್ಯಾಬ್ ಗೃಹ ಇಲಾಖೆಯದು. ಮನೆಯವರು ಮಾತ್ರ ಒಬ್ಬರೇ, ಎಲ್ಲ ಬಾಗಿಲಿಗೂ ಅವರೇ ಅಲೆಯಬೇಕು. ಇದು ನನಗೆ ತುಂಬಾ ನೋವಿನ ಸಂಗತಿ.

ವಿಷದ ಅನುಮಾನ ಇದ್ದರೆ ಸಾವಿನ ಕಾರಣ ಅಲ್ಲೇ ಬರೆಯಲು ಆಗುವುದಿಲ್ಲ. ಜಠರ ಮತ್ತು ಸಣ್ಣ ಕರುಳಿನ ತುಂಡು ಒಂದು ಬಾಟಲಿಗೆ, ಲಿವರ್ ಮತ್ತು ಕಿಡ್ನಿಯ ಭಾಗ ಇನ್ನೊಂದಕ್ಕೆ ಹಾಕುತ್ತಾರೆ. ಮೇಲೆ ಉಪ್ಪುನೀರು, ಇನ್ನು ಉಪ್ಪು ಕರಗದು ಅನ್ನುವಷ್ಟು ಗಟ್ಟಿ. ಆ ಉಪ್ಪುನೀರನ್ನೂ ಸ್ವಲ್ಪ ಬೇರೆ ಬಾಟಲಿಯಲ್ಲಿ ಕಳಿಸುತ್ತಾರೆ. ನಾಳೆ ಕೋರ್ಟಿನಲ್ಲಿ "ವಿಷ ಉಪ್ಪಿನಿಂದಲೇ ಬಂತು" ಅಂತ ಯಾರೂ ಅನ್ನಬಾರದಲ್ವಾ? ಕೊನೆಗೆ ಅರಗಿನ ಮುದ್ರೆ ಒತ್ತಿ ಪೊಲೀಸರ ಕೈಗೆ, ಅಲ್ಲಿಂದ ಲ್ಯಾಬಿಗೆ. ಈ ಒಳಾಂಗಗಳನ್ನೇ ವಿಸೆರಾ ಅನ್ನುವುದು. "ವಿಸೆರಾ ರಿಪೋರ್ಟ್ ಬರಲಿ" ಅಂತ ನಿಮ್ಮನ್ನು ಕಾಯಿಸುವುದು ಇದಕ್ಕೇ. ಡಾಕ್ಟರು ಸುಮ್ನೆ ತಳ್ಳುತ್ತಿಲ್ಲ.

ಸಾವಿನ ಬಗ್ಗೆ ಅನುಮಾನ ಇದ್ದರೆ, ಮೆಡಿಕಲ್ ಕಾಲೇಜಿನಲ್ಲೇ ಪರೀಕ್ಷೆ ಆಗಲಿ ಅಂತ ಪಂಚನಾಮೆಯ ಹೊತ್ತಿಗೇ ಪೊಲೀಸರಿಗೆ ಅರ್ಜಿ ಬರೆದುಕೊಡಿ. ಬಾಯಿಮಾತು ಸಾಲದು. ತಾಲ್ಲೂಕಿನ ಡಾಕ್ಟರಿಗೂ ಇದು ತಮ್ಮ ಕೈಮೀರಿದ್ದು ಅನ್ನಿಸಿದರೆ ಅಲ್ಲಿಗೆ ಕಳಿಸಲು ಹೇಳಬಹುದು. ಮಣ್ಣು ಮಾಡಿದ ಮೇಲೆ ಅನುಮಾನ ಬಂದರೆ ಶವ ಹೊರತೆಗೆಸಲು ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಸುಟ್ಟಿದ್ದರೆ ಆ ದಾರಿಯೂ ಇಲ್ಲ.