ಹಲ್ಲುಜ್ಜುವಾಗ ರಕ್ತ, ಆದರೆ ನೋವಿಲ್ಲ: ಡಾಕ್ಟರಲ್ಲಿಗೆ ಹೋಗಬೇಕಾ?

ಉಡುಪಿ ಕಡೆಯ ಓದುಗರೊಬ್ಬರ ಪ್ರಶ್ನೆ: “ಒಂದು ತಿಂಗಳಿಂದ ಹಲ್ಲುಜ್ಜಿ ಉಗುಳಿದರೆ ರಕ್ತ ಕಾಣುತ್ತದೆ. ನೋವೇನೂ ಇಲ್ಲ. ಉಪ್ಪುನೀರು ಮುಕ್ಕಳಿಸಿದರೆ ಸಾಕಾ?”

ಸಾಲದು. ಬಂಗುಡೆ ಮುಳ್ಳು ಚುಚ್ಚಿದ ರಕ್ತವಾದರೆ ಒಂದೇ ಕಡೆ ಬಂದು ಎರಡು ದಿನದಲ್ಲಿ ನಿಲ್ಲುತ್ತಿತ್ತು. ತಿಂಗಳಿಡೀ ಬರುವುದು ಹೆಚ್ಚಾಗಿ ಒಸಡಿನ ಕಾಯಿಲೆ. ನೋಯುವುದಿಲ್ಲ ಎನ್ನುವುದೇ ಅದರ ಮೋಸ.

ಹಲ್ಲು ಒಸಡು ಸೇರುವ ಅಂಚಿನಲ್ಲಿ ಬ್ಯಾಕ್ಟೀರಿಯಾಗಳ ಅಂಟುಪದರ ಕೂರುತ್ತದೆ. ಅದನ್ನು ಉಜ್ಜಿ ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಕಲ್ಲಾಗುತ್ತದೆ. ಆ ಮೇಲೆ ಬ್ರಷ್ಷಿಗೂ ಜಗ್ಗದು, ಉಪ್ಪುನೀರಿಗೂ ಜಗ್ಗದು. ಒಸಡು ಕೆಂಪಾಗಿ ಊದುವ ಈ ಹಂತ ಜಿಂಜಿವೈಟಿಸ್, ಪೂರ್ತಿ ವಾಸಿಯಾಗುತ್ತದೆ. ಕಾಯಿಲೆ ಕೆಳಗಿಳಿದು ಹಲ್ಲು ಹಿಡಿದಿರುವ ಮೂಳೆ ಕರಗತೊಡಗಿದರೆ ಪೆರಿಯೊಡಾಂಟೈಟಿಸ್. ಬಾಯಿ ವಾಸನೆ, ಒಸಡು ಹಿಂದೆ ಸರಿದು ಹಲ್ಲು ಉದ್ದ ಕಾಣುವುದು, ಕೀವು, ಕೊನೆಗೆ ಹಲ್ಲು ಅಲ್ಲಾಡುವುದು. ಕರಗಿದ ಮೂಳೆ ತಾನಾಗಿ ಬೆಳೆಯುವುದಿಲ್ಲ.

ಬೀಡಿ, ಸಿಗರೇಟು ಸೇದುವವರು ಇನ್ನೂ ಹುಷಾರಾಗಿರಬೇಕು. ನಿಕೋಟಿನ್‌ನಿಂದ ಒಸಡಿನ ರಕ್ತನಾಳಗಳು ಕುಗ್ಗುವುದರಿಂದ ಅವರಿಗೆ ರಕ್ತವೇ ಕಾಣದೆ ಒಳಗೆ ಮೂಳೆ ಹೋಗುತ್ತಿರಬಹುದು. ಶುಗರ್ ಹತೋಟಿಯಲ್ಲಿಲ್ಲದಿದ್ದರೆ ಒಸಡು ಬೇಗ ಹಾಳಾಗುತ್ತದೆ. ಒಸಡಿನ ಸೋಂಕು ಶುಗರನ್ನೂ ಏರಿಸುತ್ತದೆ. ಬಸುರಿಯರಿಗೆ ಒಸಡು ಊದುವುದುಂಟು. ಬಿಪಿಗೆ ಕೊಡುವ ಆಮ್ಲೋಡಿಪಿನ್‌ನಿಂದಲೂ ಕೆಲವರಿಗೆ ಒಸಡು ಬೆಳೆಯುತ್ತದೆ. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.

ಕಾಯಿಲೆ ಎಲ್ಲಿಗೆ ಮುಟ್ಟಿದೆ ಎಂದು ಕನ್ನಡಿಯಲ್ಲಿ ನೋಡಿ ಹೇಳಲಾಗದು. ದಂತವೈದ್ಯರು ಮಿಲಿಮೀಟರ್ ಗೆರೆಗಳಿರುವ ಸಣ್ಣ ಕಡ್ಡಿಯನ್ನು ಪ್ರತಿ ಹಲ್ಲಿನ ಸುತ್ತ ಒಸಡಿನ ಸಂದಿಗೆ ಮೆಲ್ಲಗೆ ಇಳಿಸಿ ಅಳೆಯುತ್ತಾರೆ. 1ರಿಂದ 3 ಮಿಲಿಮೀಟರ್ ಸರಿ. 4 ಅಥವಾ ಹೆಚ್ಚಿದ್ದರೆ ಎಚ್ಚರ ಬೇಕು, ಹೀಗೆ ಆಳವಾದ ಸಂದಿಗೆ ‘ಪಾಕೆಟ್’ ಎನ್ನುತ್ತಾರೆ. ಮೂಳೆ ಎಷ್ಟು ಉಳಿದಿದೆ ಎನ್ನುವುದು ಎಕ್ಸ್‌ರೇಯಲ್ಲಿ ತಿಳಿಯುತ್ತದೆ.

ಹಲ್ಲಿಗೆ ಅಂಟಿದ ಕಲ್ಲನ್ನು ದಂತವೈದ್ಯರು ತೆಗೆಯುವುದೇ ಕ್ಲೀನಿಂಗ್. “ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ” ಎಂಬ ಮಾತನ್ನು ನಮ್ಮೂರಲ್ಲಿ ಕೇಳದವರಿಲ್ಲ. ಸಡಿಲ ಮೊದಲೇ ಇತ್ತು, ಕಲ್ಲು ಸಿಮೆಂಟಿನಂತೆ ಹಿಡಿದುಕೊಂಡಿತ್ತು, ಅಷ್ಟೆ.

ರಕ್ತ ಬರುತ್ತದೆಂದು ಉಜ್ಜುವುದನ್ನು ಬಿಡಬೇಡಿ, ಮೃದು ಬ್ರಷ್ ಹಿಡಿಯಿರಿ. ಮಣಿಪಾಲದಲ್ಲಿ 1965ರಿಂದ, ಮಂಗಳೂರಿನಲ್ಲಿ 1987ರಿಂದ ಮಣಿಪಾಲದವರ ದಂತ ಕಾಲೇಜುಗಳಿವೆ. ಒಸಡಿಗೇ ಬೇರೆ ವಿಭಾಗವಿದೆ. ಹೋದಾಗ “ಕ್ಲೀನ್ ಮಾಡಿ” ಎಂದಷ್ಟೇ ಹೇಳದೆ, “ಪಾಕೆಟ್ ಎಷ್ಟು ಮಿಲಿಮೀಟರ್ ಇದೆ?” ಎಂದು ಕೇಳಿ, ಬರೆದಿಟ್ಟುಕೊಳ್ಳಿ. ಮುಂದಿನ ಸಲ ಹೋಲಿಸಲು ಬೇಕಾಗುತ್ತದೆ.