ಗ್ರೇಡ್ ಕಡಿಮೆಯಾಯಿತು ಅಂತ ಸಮಾಧಾನ ಪಡುವ ಮೊದಲು

"ಡಾಕ್ಟ್ರೇ, ನಮ್ಮನೆಯವರಿಗೆ ಮೊದಲು ಫ್ಯಾಟಿ ಲಿವರ್ ಗ್ರೇಡ್ 2 ಇತ್ತು. ಆಮೇಲೆ 1 ಆಯ್ತು. ಈ ಸಲ ಕೊಬ್ಬೇ ಇಲ್ಲ ಅಂತ ಬರೆದಿದ್ದಾರೆ. ಮತ್ತೆ ಕಾಲು ಯಾಕೆ ಊದ್ತಿದೆ?"

ಹೋದ ಮಳೆಗಾಲದಲ್ಲಿ ಒಬ್ಬ ತಾಯಿ ಕೇಳಿದ ಪ್ರಶ್ನೆ ಇದು. ಪಕ್ಕದಲ್ಲಿ ಗಂಡ ಕೂತಿದ್ದರು. 57 ವರ್ಷ, ಅಡಿಕೆ ವ್ಯಾಪಾರ, ಹತ್ತು ವರ್ಷದಿಂದ ಶುಗರ್. ಒಂದು ಹನಿ ಹೆಂಡ ಮುಟ್ಟಿದವರಲ್ಲ. ಆಕೆ ಜವಳಿ ಅಂಗಡಿಯ ಕವರಿನಿಂದ ಮೂರು ವರ್ಷದ ರಿಪೋರ್ಟುಗಳನ್ನು ತೆಗೆದು ತಾರೀಖಿನ ಪ್ರಕಾರ ಮೇಜಿನ ಮೇಲೆ ಜೋಡಿಸಿಟ್ಟರು. ಸ್ಕ್ಯಾನಿಂಗ್ ರಿಪೋರ್ಟಿನ ಗ್ರೇಡಿಗೆ ಮಾತ್ರ ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಜೊತೆಗಿದ್ದ ರಕ್ತಪರೀಕ್ಷೆಯ ಹಾಳೆಗಳನ್ನು ಯಾರೂ ಓದಿದಂತಿರಲಿಲ್ಲ.

ಆ ಹಾಳೆಗಳಲ್ಲಿ ಪ್ಲೇಟ್‌ಲೆಟ್ 1 ಲಕ್ಷ 78 ಸಾವಿರದಿಂದ 98 ಸಾವಿರಕ್ಕೆ ಇಳಿದಿತ್ತು.

ಈ ಗ್ರೇಡ್ ಅನ್ನೋ ಮಾತು ನನಗೆ ದಿನಾ ಸಂಕಟ ಕೊಡುತ್ತದೆ. ಗ್ರೇಡ್ 1 ಬಂದ 26ರ ಹುಡುಗ ಹೆದರಿ ಊಟ ಬಿಡುತ್ತಾನೆ. ಅವನ ಅಮ್ಮ ನಿದ್ದೆ ಬಿಡುತ್ತಾರೆ. ಇತ್ತ ನಿಜವಾಗಿ ಹೆದರಬೇಕಾದವರು 'ಬರೀ ಗ್ರೇಡ್ 1 ಅಲ್ವಾ' ಅಂತ ಮನೆಗೆ ಹೋಗುತ್ತಾರೆ. ಹಾಗಾಗಿ ಇದೊಂದನ್ನು ಬಿಡಿಸಿ ಹೇಳುತ್ತೇನೆ.

ಲಿವರ್‌ನಲ್ಲಿ ನಾವು ನೋಡಬೇಕಾದದ್ದು ಎರಡು. ಒಂದು ಕೊಬ್ಬು, ಇನ್ನೊಂದು ಕಲೆ. ಸುಟ್ಟ ಗಾಯ ಮಾಗಿದ ಮೇಲೆ ಚರ್ಮ ಬಿಗಿದು ಗಟ್ಟಿಯಾಗುತ್ತದಲ್ಲ, ಅಂಥ ಕಲೆ. ಕೊಬ್ಬಿನಿಂದ ಲಿವರ್‌ನಲ್ಲಿ ಉರಿಯೂತ ಎದ್ದು, ಅದು ವರ್ಷಗಟ್ಟಲೆ ಉಳಿದರೆ ಈ ಕಲೆ ಕೂರುತ್ತದೆ. ಸ್ಕ್ಯಾನಿಂಗ್‌ನ ಗ್ರೇಡ್ ಹೇಳುವುದು ಕೊಬ್ಬನ್ನು ಮಾತ್ರ. ಅದೂ ಪರದೆಯಲ್ಲಿ ಲಿವರ್ ಎಷ್ಟು ಬಿಳಿಚಿ ಕಾಣುತ್ತದೆ ಅಂತ ಕಣ್ಣಂದಾಜಿನಲ್ಲಿ. ಇಂದು ಒಬ್ಬರು 1 ಅಂದದ್ದನ್ನು ನಾಳೆ ಇನ್ನೊಬ್ಬರು 2 ಅನ್ನಬಹುದು. ಆದರೆ ಲಿವರ್ ಕೆಡುವುದೂ ಬಿಡುವುದೂ ನಿಂತಿರುವುದು ಕಲೆಯ ಮೇಲೆ. ಕಲೆಯನ್ನು ಎಫ್0ಯಿಂದ ಎಫ್4ರವರೆಗೆ ಅಳೆಯುತ್ತೇವೆ. ಎಫ್4 ಅಂದರೆ ಸಿರೋಸಿಸ್, ಲಿವರ್ ತುಂಬ ಕಲೆಗಟ್ಟಿ ಗಟ್ಟಿಯಾದ ಸ್ಥಿತಿ. ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳು ಮತ್ತೆ ಮತ್ತೆ ಇದನ್ನೇ ತೋರಿಸಿವೆ: ಮುಂದೇನಾಗುತ್ತದೆ ಅಂತ ತಿಳಿಸುವುದು ಕಲೆಯ ಹಂತ, ಕೊಬ್ಬಿನ ಪ್ರಮಾಣವಲ್ಲ.

ಇನ್ನೊಂದು ವಿಷಯ ಕೇಳಿದರೆ ಜನ ನಂಬುವುದೇ ಇಲ್ಲ. ಕಲೆ ವಿಪರೀತವಾದಾಗ ಲಿವರ್‌ನ ಕೊಬ್ಬು ತಾನಾಗಿ ಕರಗಿಹೋಗಬಹುದು. ಗ್ರೇಡ್ 2, 1, ಆಮೇಲೆ ಸೊನ್ನೆ. ಎಲ್ಲರಿಗೂ ಹೀಗಾಗುತ್ತದೆ ಅಂತಲ್ಲ. ತೂಕ ಇಳಿಸಿ ಗ್ರೇಡ್ ಇಳಿದಿದ್ದರೆ ಖಂಡಿತ ಸಂತೋಷದ ವಿಷಯ. ಆದರೆ ಈ ಯಜಮಾನರ ತೂಕ ಇಳಿದಿರಲಿಲ್ಲ, ಗ್ರೇಡ್ ಮಾತ್ರ ಇಳಿದಿತ್ತು.

ಕಲೆಯ ಸುಳಿವು ಹಿಡಿಯಲು ದುಡ್ಡೇನೂ ಜಾಸ್ತಿ ಬೇಕಿಲ್ಲ. ಫಿಬ್-4 ಅಂತ ಒಂದು ಲೆಕ್ಕವಿದೆ. ಅದರಲ್ಲಿ ಬರುವ ಎಸ್‌ಜಿಒಟಿ, ಎಸ್‌ಜಿಪಿಟಿ ಅಂದರೆ ರಕ್ತಪರೀಕ್ಷೆಯಲ್ಲಿ ಅಳೆಯುವ ಲಿವರ್ ಕಿಣ್ವಗಳು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ ಇಟ್ಟುಕೊಂಡು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿ. 1.3ಕ್ಕಿಂತ ಕಡಿಮೆ ಬಂದರೆ ಗಟ್ಟಿ ಕಲೆ ಇರುವ ಸಾಧ್ಯತೆ ಕಡಿಮೆ. 2.67 ದಾಟಿದರೆ ಲಿವರ್ ಡಾಕ್ಟರನ್ನು ಕಾಣಲೇಬೇಕು. ನಡುವೆ ಬಂದರೆ ಫೈಬ್ರೋಸ್ಕ್ಯಾನ್ ಮಾಡಿಸುತ್ತೇವೆ. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅದು ಅಳೆಯುತ್ತದೆ, ಸೂಜಿ ಚುಚ್ಚುವ ಕೆಲಸವಿಲ್ಲ.

ಅದೇ ರಿಪೋರ್ಟಿನ ಹಿಂಬದಿಯಲ್ಲಿ ಆಕೆಯ ಎದುರೇ ಲೆಕ್ಕ ಹಾಕಿದೆ. ವಯಸ್ಸು 57, ಎಸ್‌ಜಿಒಟಿ 62, ಎಸ್‌ಜಿಪಿಟಿ 41, ಪ್ಲೇಟ್‌ಲೆಟ್ 98. ಬಂದದ್ದು 5.6. ಮೂರು ವರ್ಷ ಹಿಂದಿನ ಹಾಳೆ ತೆಗೆದು ಅದನ್ನೂ ಲೆಕ್ಕ ಹಾಕಿದೆ. 2.0. ಆಗಲೇ ಒಂದು ಫೈಬ್ರೋಸ್ಕ್ಯಾನ್ ಆಗಬೇಕಿತ್ತು. ಆಕೆ ಆ ಎರಡು ಅಂಕಿಗಳನ್ನೇ ನೋಡುತ್ತ ಕೂತರು. ಎಸ್‌ಜಿಪಿಟಿ ನಾರ್ಮಲ್ ಹತ್ತಿರ ಇದೆಯಲ್ಲ ಅಂದರು. ಹೌದು, ಸಿರೋಸಿಸ್ ಇದ್ದವರಲ್ಲೂ ಅದು ನಾರ್ಮಲ್ ಇರಬಹುದು.

ಎಚ್ಚರಿಕೆಯ ಮಾತೂ ಹೇಳಬೇಕು. ಈ ಲೆಕ್ಕ ತೀರ್ಪಲ್ಲ, ಜರಡಿ. 35ರ ಒಳಗಿನವರಲ್ಲಿ ಅಷ್ಟು ನಂಬಲಾಗದು. 65 ದಾಟಿದವರಿಗೆ ಕೆಳಗಿನ ಗೆರೆ 1.3 ಅಲ್ಲ, 2.0. ಜ್ವರ ಇದ್ದಾಗ ಲೆಕ್ಕ ಹಾಕಲೇಬೇಡಿ. ನಮ್ಮ ಮಲೆನಾಡಿನಲ್ಲಿ ಡೆಂಗಿ ಬಂದರೂ ಮಂಗನ ಕಾಯಿಲೆ ಬಂದರೂ ಪ್ಲೇಟ್‌ಲೆಟ್ ಇಳಿಯುತ್ತದೆ, ಎಸ್‌ಜಿಒಟಿ ಏರುತ್ತದೆ, ಫಿಬ್-4 ಸುಮ್ನೆ ಹಾರುತ್ತದೆ. ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ನೋಡಿ. ಲೆಕ್ಕ ಏನೇ ಬರಲಿ, ನಿಮ್ಮ ಡಾಕ್ಟರಿಗೆ ತೋರಿಸದೆ ಯಾವ ತೀರ್ಮಾನಕ್ಕೂ ಬರಬೇಡಿ.

ಚಿಕಿತ್ಸೆ ಏನು ಅಂದರೆ, ಮೊದಲ ಔಷಧ ತೂಕ ಇಳಿಸುವುದೇ. ಕ್ಯೂಬಾದಲ್ಲಿ 293 ರೋಗಿಗಳನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2015ರಲ್ಲಿ ಬಂತು. ತೂಕದಲ್ಲಿ ನೂರಕ್ಕೆ ಹತ್ತು ಪಾಲು ಇಳಿಸಿದವರಲ್ಲಿ ಸುಮಾರು ಅರ್ಧದಷ್ಟು ಜನರ ಕಲೆಯೇ ಹಿಂದೆ ಸರಿದಿತ್ತು. ಹೊಸ ಔಷಧಗಳೂ ಬಂದಿವೆ. ಅಮೆರಿಕದಲ್ಲಿ 2024ರಲ್ಲಿ ರೆಸ್ಮೆಟಿರೋಮ್‌ಗೆ, 2025ರಲ್ಲಿ ಸೆಮಾಗ್ಲೂಟೈಡ್‌ಗೆ ಈ ಕಾಯಿಲೆಗಾಗಿ ಒಪ್ಪಿಗೆ ಸಿಕ್ಕಿತು. ಎರಡೂ ಎಫ್2, ಎಫ್3 ಹಂತದವರಿಗೆ. ಅಂದರೆ ಔಷಧ ಕೊಡಲೂ ಕಲೆಯ ಹಂತ ಗೊತ್ತಿರಬೇಕು. ಲಿವರ್ ಟಾನಿಕ್ ಬಾಟಲಿಗಳಿಂದ ಕಲೆ ಹೋಗುವುದಿಲ್ಲ. ಮನೆಮದ್ದು ಅಂತ ಅಮೃತಬಳ್ಳಿ ಕಷಾಯ ದಿನಾ ಕುಡಿಯುವವರಿದ್ದೀರಿ. ಕೋವಿಡ್ ಸಮಯದಲ್ಲಿ ಅದರಿಂದ ಲಿವರ್ ಹಾನಿಯಾದ ಪ್ರಕರಣಗಳನ್ನು ಮುಂಬೈನ ವೈದ್ಯರು ವರದಿ ಮಾಡಿದ್ದಾರೆ. ಹೃದಯದ ಡಾಕ್ಟರು ಕೊಟ್ಟ ಕೊಲೆಸ್ಟ್ರಾಲ್ ಮಾತ್ರೆಯನ್ನು ಫ್ಯಾಟಿ ಲಿವರ್ ಅಂತ ನೀವೇ ನಿಲ್ಲಿಸಬೇಡಿ. ಈ ಕಾಯಿಲೆ ಇದ್ದವರನ್ನು ಹೆಚ್ಚಾಗಿ ಕೊಂಡೊಯ್ಯುವುದು ಹೃದಯ, ರಕ್ತನಾಳಗಳ ಕಾಯಿಲೆ.

ಆ ಯಜಮಾನರ ಕಾಲು ಊದಿದ್ದು ಸಿರೋಸಿಸ್‌ನಿಂದ. ಎಂಡೋಸ್ಕೋಪಿ ಮಾಡಿದಾಗ, ಗಟ್ಟಿಯಾದ ಲಿವರ್ ರಕ್ತವನ್ನು ತಡೆದಿದ್ದರಿಂದ ಅನ್ನನಾಳದ ರಕ್ತನಾಳಗಳು ಉಬ್ಬಿದ್ದವು. ಒಡೆಯುವ ಮೊದಲೇ ಸಿಕ್ಕವು ಅನ್ನುವುದು ನನಗೆ ಸಮಾಧಾನ. ಔಷಧ ಶುರುವಾಯಿತು, ಕಾಲಿನ ಬಾವು ಇಳಿಯಿತು. ಈಗ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್, ಗ್ರೇಡ್ ನೋಡಲು ಅಲ್ಲ, ಗಡ್ಡೆ ಬೆಳೆದಿದೆಯಾ ಅಂತ ನೋಡಲು.

ಮೊನ್ನೆ ಬಂದಾಗ ಆಕೆ ಮಗನನ್ನೂ ಕರೆತಂದಿದ್ದರು. 38 ವರ್ಷ, ಅವನಿಗೂ ಶುಗರ್ ಶುರುವಾಗಿದೆ. ಇದು ಮನೆತನದಲ್ಲಿ ಹರಿಯುವ ಕಾಯಿಲೆ ಅಂತ ನಾನೇ ಹೇಳಿದ್ದೆ. ಹಾಳೆಯ ಅಂಚಿನಲ್ಲಿ ಆಕೆ ಆಗಲೇ ಮೊಬೈಲಿನಲ್ಲಿ ಲೆಕ್ಕ ಹಾಕಿ 0.8 ಅಂತ ಬರೆದಿದ್ದರು. "ಸರಿ ಇದೆಯಾ ನೋಡಿ ಡಾಕ್ಟ್ರೇ" ಅಂದರು. ನಾನು ಮತ್ತೊಮ್ಮೆ ಹಾಕಿ ನೋಡಿದೆ. ಸರಿಯಾಗಿತ್ತು. ಶುಗರ್ ಇರುವುದರಿಂದ ಬರುವ ವರ್ಷ ಮತ್ತೆ ನೋಡೋಣ ಅಂದೆ. ಆಕೆ ಕವರಿನ ಮೇಲೆ ತಿಂಗಳು ಬರೆದುಕೊಂಡರು.