ಬಿಳಿ ಫಿಲ್ಲಿಂಗ್ ಎಲ್ಲಿ ಸೋಲುತ್ತದೆ?

ಹಲ್ಲಿನ ಹುಳುಕು ತೆಗೆದು ತುಂಬುವ ಬಿಳಿ ಫಿಲ್ಲಿಂಗ್ ಬಗ್ಗೆ ಇಬ್ಬರನ್ನು ಕೇಳಿದರೆ ಎರಡು ಉತ್ತರ ಸಿಗುತ್ತದೆ. ಒಬ್ಬರದು ಮೂರೇ ವರ್ಷಕ್ಕೆ ಕಿತ್ತುಬಂದಿರುತ್ತದೆ. ಇನ್ನೊಬ್ಬರದು ಹದಿನೈದು ವರ್ಷವಾದರೂ ಅಲುಗಾಡಿರುವುದಿಲ್ಲ. ಇಬ್ಬರ ಅನುಭವವೂ ನಿಜವೇ. ಈಗ ಈ ಪ್ರಶ್ನೆ ಮುಖ್ಯವಾಗಲು ಕಾರಣವಿದೆ. ಪಾದರಸದ ಬಳಕೆ ತಗ್ಗಿಸುವ ಮಿನಾಮಾಟಾ ಒಪ್ಪಂದ 2013ರಲ್ಲಿ ಆಯಿತು, 2017ರಲ್ಲಿ ಜಾರಿಗೆ ಬಂತು. ಪಾದರಸ ಬೆರೆತ ಅಮಾಲ್ಗಮ್ ಫಿಲ್ಲಿಂಗನ್ನು ಐರೋಪ್ಯ ಒಕ್ಕೂಟ 2025ರ ಜನವರಿಯಿಂದ, ತೀರಾ ಅಗತ್ಯವಿದ್ದಾಗ ಬಿಟ್ಟರೆ, ನಿಲ್ಲಿಸಿಬಿಟ್ಟಿದೆ. ಅದರ ಕೆಲಸದಲ್ಲಿ ಹೆಚ್ಚಿನ ಪಾಲು ಈ ಬಿಳಿ ಫಿಲ್ಲಿಂಗಿನ, ಅಂದರೆ ಪ್ಲಾಸ್ಟಿಕ್‌ನಂಥ ರೆಸಿನ್‌ಗೆ ಗಟ್ಟಿ ಪುಡಿ ಬೆರೆಸಿದ ರೆಸಿನ್ ಕಾಂಪೋಸಿಟ್‌ನ, ಹೆಗಲಿಗೆ ಬಿದ್ದಿದೆ.

ಅಮಾಲ್ಗಮ್ ಹಲ್ಲಿಗೆ ಅಂಟುತ್ತಿರಲಿಲ್ಲ. ಗುಂಡಿಯನ್ನು ಒಳಗೆ ಅಗಲವಾಗಿ ಕೊರೆದು ಅದನ್ನು ಸಿಕ್ಕಿಸಬೇಕಿತ್ತು. ಅಂದರೆ ಒಳ್ಳೆಯ ಹಲ್ಲೂ ಸ್ವಲ್ಪ ಹೋಗುತ್ತಿತ್ತು. ಆದರೆ ಅದಕ್ಕೊಂದು ದೊಡ್ಡ ಗುಣವಿತ್ತು. ಕಾಲ ಕಳೆದಂತೆ ಲೋಹ ಕಿಲುಬಿ, ಆ ಕಿಲುಬೇ ಅಂಚಿನ ಸಂದನ್ನು ಮುಚ್ಚುತ್ತಿತ್ತು. ಕೆಲಸ ಮಾಡುವಾಗ ಸ್ವಲ್ಪ ಜೊಲ್ಲು ತಾಗಿದರೂ ಅಷ್ಟಾಗಿ ಕೆಡುತ್ತಿರಲಿಲ್ಲ. ಕಾಂಪೋಸಿಟ್‌ಗೆ ಈ ಎರಡು ಸೌಲಭ್ಯವೂ ಇಲ್ಲ.

ಹಲ್ಲಿನ ಬಣ್ಣದ ಫಿಲ್ಲಿಂಗಿಗಾಗಿ ಹುಡುಕಾಟ ಹಳೆಯದು. 1940ರ ದಶಕದಲ್ಲಿ ಅಕ್ರಿಲಿಕ್ ಬಂತು. ಅದು ಗಟ್ಟಿಯಾಗುವಾಗ ತುಂಬಾ ಕುಗ್ಗುತ್ತಿತ್ತು. ಬಿಸಿಗೆ ಹಿಗ್ಗಿ ತಣ್ಣಗಾದಾಗ ಕುಗ್ಗಿ, ಅಂಚಿನಲ್ಲಿ ಸೋರುತ್ತಿತ್ತು. 1955ರಲ್ಲಿ ಅಮೆರಿಕದ ದಂತವೈದ್ಯ ಮೈಕಲ್ ಬ್ಯೂನೊಕೋರ್ ಒಂದು ದಾರಿ ತೋರಿಸಿದರು. ಬಣ್ಣ ಚೆನ್ನಾಗಿ ಹಿಡಿಯಲಿ ಎಂದು ಲೋಹಕ್ಕೆ ಫಾಸ್ಫಾರಿಕ್ ಆಮ್ಲ ಹಚ್ಚುವುದು ಕಾರ್ಖಾನೆಗಳಲ್ಲಿ ರೂಢಿಯಲ್ಲಿತ್ತು. ಅದೇ ಆಮ್ಲವನ್ನು ಅವರು ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಮೇಲೆ ಹಚ್ಚಿದರು. ಮೇಲ್ಮೈ ತರಿತರಿಯಾಯಿತು, ರೆಸಿನ್ ಆ ಸಣ್ಣ ತೂತುಗಳಿಗೆ ಇಳಿದು ಕಚ್ಚಿಕೊಂಡಿತು. ಇನ್ನೊಂದು ಕಡೆ ಅಮೆರಿಕದ ಸಂಶೋಧಕ ರಫೇಲ್ ಬೋವೆನ್ ಬಿಸ್-ಜಿಎಂಎ ಎಂಬ ಹೊಸ ರೆಸಿನ್ ತಯಾರಿಸಿದರು. ಅದಕ್ಕೆ ಸಿಲೇನ್ (ಪುಡಿಯನ್ನು ರೆಸಿನ್‌ಗೆ ಬೆಸೆಯುವ ರಾಸಾಯನಿಕ) ಲೇಪಿಸಿದ ಸಿಲಿಕಾ ಪುಡಿ ಬೆರೆಸಿದರು. 1962ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಇಂದಿನ ಬಹುತೇಕ ಕಾಂಪೋಸಿಟ್‌ಗಳ ಮೂಲ ಇದೇ.

ಮುಂದಿನ ನಾಲ್ಕು ದಶಕ ಪುಡಿಯ ಕಣವನ್ನು ಸಣ್ಣದು ಮಾಡುವುದರಲ್ಲೇ ಕಳೆಯಿತು. ಕಣ ದಪ್ಪವಿದ್ದಾಗ ಫಿಲ್ಲಿಂಗ್ ಒರಟಾಗಿ ಸವೆಯುತ್ತಿತ್ತು. ತೀರಾ ಸಣ್ಣದಾದಾಗ ನುಣುಪು ಬಂತು, ಬಲ ಕಡಿಮೆಯಾಯಿತು. ಎರಡನ್ನೂ ಬೆರೆಸಿದ್ದು, ನಂತರ ನ್ಯಾನೋ ಕಣ ಬಂದದ್ದು ಈ ತೊಂದರೆಯನ್ನು ಬಹುಮಟ್ಟಿಗೆ ತೀರಿಸಿತು. ಬೇಗ ಸವೆದುಹೋಗುತ್ತದೆ ಎಂಬ ದೂರು ಈಗ ಅಷ್ಟಾಗಿ ಕೇಳಿಬರುವುದಿಲ್ಲ.

ಕುಗ್ಗುವುದು ಮಾತ್ರ ನಿಂತಿಲ್ಲ. ಸುಮಾರು 470 ನ್ಯಾನೋಮೀಟರ್ ಅಲೆಯ ನೀಲಿ ಬೆಳಕು ಬಿದ್ದಾಗ ರೆಸಿನ್ ಅಣುಗಳು ಒಂದಕ್ಕೊಂದು ಕೈಹಿಡಿದು ಹತ್ತಿರ ಸರಿಯುತ್ತವೆ. ಗಾತ್ರ ಶೇ 2ರಿಂದ 3ರಷ್ಟು ಇಳಿಯುತ್ತದೆ. ಸಣ್ಣ ಅಂಕಿ ಅನ್ನಿಸಬಹುದು, ಆದರೆ ಆ ಎಳೆತವೆಲ್ಲ ಹಲ್ಲಿನ ಗೋಡೆಯ ಮೇಲೆ ಬೀಳುತ್ತದೆ. ಬೆಳಕು ಆಳಕ್ಕೆ ಇಳಿಯುವುದೂ ಕಷ್ಟ. ಅದಕ್ಕೇ 2 ಮಿಲಿಮೀಟರ್ ದಪ್ಪದ ಪದರವಾಗಿ ತುಂಬಿ, ಒಂದೊಂದಕ್ಕೂ ಬೇರೆಬೇರೆ ಬೆಳಕು ಹಿಡಿಯುವ ಪದ್ಧತಿ ಬಂತು. ಈಗ 4 ಮಿಲಿಮೀಟರ್‌ವರೆಗೆ ಒಮ್ಮೆಗೇ ತುಂಬಬಲ್ಲ ಬಗೆಯೂ ಇದೆ. ದೀಪದ ತುದಿ ಸ್ವಲ್ಪ ಓರೆಯಾದರೆ ಅಥವಾ ದೂರ ಉಳಿದರೆ ಮೇಲ್ಭಾಗ ಗಟ್ಟಿಯಾಗಿ, ತಳ ಮೆತ್ತಗೇ ಉಳಿದುಬಿಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಇಷ್ಟಾದರೂ ನಿಜವಾದ ಕಗ್ಗಂಟು ಇರುವುದು ಅಂಟಿನಲ್ಲಿ. ಎನಾಮೆಲ್ ತೂಕದಲ್ಲಿ ಸುಮಾರು ಶೇ 96 ಖನಿಜ. ಅದಕ್ಕೆ ಅಂಟಿಸುವುದು ಸುಲಭ. ಅದರ ಕೆಳಗಿನ ಡೆಂಟಿನ್ ಹಾಗಲ್ಲ. ಅದರಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಿವೆ, ನೀರಿದೆ. ಒಂದು ಚದರ ಮಿಲಿಮೀಟರಿನಲ್ಲಿ ಹತ್ತಾರು ಸಾವಿರ ಸೂಕ್ಷ್ಮ ನಾಳಗಳಿವೆ. ಒದ್ದೆ ಗೋಡೆಗೆ ಬಣ್ಣ ಹಚ್ಚಿದ ಹಾಗೆ, ಅಲ್ವಾ? ಡೆಂಟಿನ್‌ಗೆ ಆಮ್ಲ ತಾಗಿದರೆ ಒಳಗಿನ ನರಕ್ಕೆ ಪೆಟ್ಟಾಗುತ್ತದೆ ಎಂದು ಆಗ ಹೆಚ್ಚಿನವರು ನಂಬಿದ್ದರು. ಆದರೂ 1979ರಲ್ಲಿ ಜಪಾನಿನ ಫುಸಾಯಾಮಾ ಎನಾಮೆಲ್ ಜೊತೆ ಡೆಂಟಿನ್‌ಗೂ ಆಮ್ಲ ಹಚ್ಚುವ ವಿಧಾನ ಮುಂದಿಟ್ಟರು. 1982ರಲ್ಲಿ ನಕಬಯಾಶಿ ಅಂಟು ಹಿಡಿಯುವ ಬಗೆಯನ್ನು ವಿವರಿಸಿದರು. ಆಮ್ಲ ಖನಿಜವನ್ನು ತೆಗೆದಾಗ ಬರಿಯ ಕೊಲಾಜೆನ್ ಜಾಲ ಉಳಿಯುತ್ತದೆ. ರೆಸಿನ್ ಅದರೊಳಗೆ ಇಳಿದು ಗಟ್ಟಿಯಾಗಿ, ಹಲ್ಲು ಮತ್ತು ರೆಸಿನ್ ಬೆರೆತ ಒಂದು ತೆಳು ಪದರವಾಗುತ್ತದೆ. ಅದನ್ನು ಹೈಬ್ರಿಡ್ ಪದರ ಎನ್ನುತ್ತಾರೆ.

ಈ ಪದರ ತುಂಬಾ ನಾಜೂಕು. ಗಾಳಿ ಊದಿ ಜಾಸ್ತಿ ಒಣಗಿಸಿದರೆ ಕೊಲಾಜೆನ್ ಜಾಲ ಕುಸಿದು ರೆಸಿನ್ ಒಳಗೆ ಹೋಗುವುದಿಲ್ಲ. ನೀರು ಜಾಸ್ತಿ ಉಳಿದರೆ ರೆಸಿನ್ ತೆಳುವಾಗುತ್ತದೆ. ಸರಿಯಾದ ಹದ ಕೆಲವೇ ಕ್ಷಣಗಳ ಮಾತು. ರೆಸಿನ್ ತಲುಪದೆ ಬರಿದಾಗಿ ಉಳಿದ ಎಳೆಗಳನ್ನು ಕಾಲಕ್ರಮೇಣ ಡೆಂಟಿನ್‌ನಲ್ಲೇ ಇರುವ ಕಿಣ್ವಗಳು ಕರಗಿಸುತ್ತವೆ. ಇದು 2004ರ ಹೊತ್ತಿಗೆ ಪ್ರಯೋಗಗಳಲ್ಲಿ ಕಂಡುಬಂತು. ಬ್ಯಾಕ್ಟೀರಿಯಾ ಇಲ್ಲದೆಯೂ ಅಂಟು ಒಳಗಿನಿಂದ ಸಡಿಲವಾಗಬಲ್ಲದು. ನೀರು ರೆಸಿನ್ ಅನ್ನೂ ನಿಧಾನಕ್ಕೆ ಒಡೆಯುತ್ತದೆ.

ಇದೇ ಕಾಲದಲ್ಲಿ ಅಂಟಿನ ಬಾಟಲಿಗಳ ಲೆಕ್ಕ ಇಳಿಯತೊಡಗಿತು. ಮೂರು ಹಂತ ಎರಡಾಯಿತು, ಎರಡು ಒಂದಾಯಿತು. ಕೆಲಸ ಬೇಗ ಮುಗಿಯುತ್ತಿತ್ತು, ನಿಜ. ಆದರೆ ಬಾಯಿಯಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದಾಗ ಮೊದಮೊದಲ ಒಂದೇ ಹಂತದ ಅಂಟುಗಳು ಹಳೆಯ ಮೂರು ಹಂತದವುಗಳಿಗೆ ಸಮನಾಗಲಿಲ್ಲ. ಕ್ಯಾಲ್ಸಿಯಂ ಜೊತೆ ನೇರವಾಗಿ ಬಂಧ ಬೆಳೆಸುವ ಎಂಡಿಪಿ ಎಂಬ ಅಣು ಇರುವ ಅಂಟುಗಳು ಈಚೆಗೆ ಪರಿಸ್ಥಿತಿಯನ್ನು ಸುಧಾರಿಸಿವೆ. ಸಮಯ ಉಳಿಸುವುದನ್ನೇ ಸುಧಾರಣೆ ಎಂದು ಎಣಿಸಿದ ಆ ವರ್ಷಗಳು ಈ ವಸ್ತುವಿನ ಹೆಸರಿಗೆ ಸಾಕಷ್ಟು ಪೆಟ್ಟು ಕೊಟ್ಟವು ಅನ್ನಿಸುತ್ತದೆ.

ಲಿಸ್ಬನ್‌ನಲ್ಲಿ 8ರಿಂದ 12 ವರ್ಷದ ಮಕ್ಕಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಏಳು ವರ್ಷಗಳವರೆಗೆ ಗಮನಿಸಿದಾಗ ಅಮಾಲ್ಗಮ್‌ನಲ್ಲಿ ಶೇ 94.4, ಕಾಂಪೋಸಿಟ್‌ನಲ್ಲಿ ಶೇ 85.5 ಉಳಿದಿದ್ದವು. ಫಿಲ್ಲಿಂಗ್ ಪಕ್ಕದಲ್ಲೇ ಮತ್ತೆ ಹುಳುಕಾಗುವ ಅಪಾಯ ಕಾಂಪೋಸಿಟ್‌ನಲ್ಲಿ 3.5 ಪಟ್ಟು ಇತ್ತು. ಈ ಅಂಕಿ ನೋಡಿ ಸುಮ್ನೆ ವಸ್ತುವೇ ಕೆಟ್ಟದ್ದು ಎಂದುಬಿಡುವುದು ಸರಿಯಲ್ಲ. ಹುಳುಕು ಕಡಿಮೆ ಇರುವ ವಯಸ್ಕರ ಬಾಯಿಯಲ್ಲಿ, ನಿಧಾನವಾಗಿ ಮಾಡಿದ ಕಾಂಪೋಸಿಟ್‌ಗಳು ಚೆನ್ನಾಗಿ ಬಾಳುತ್ತವೆ. ದವಡೆ ಹಲ್ಲುಗಳಲ್ಲೂ ವರ್ಷಕ್ಕೆ ಕೆಡುವುದು ಸಾಮಾನ್ಯವಾಗಿ ಶೇ 1ರಿಂದ 3. ಪದೇಪದೇ ಹುಳುಕಾಗುವ ಬಾಯಿ, ಒಸಡಿನ ಕೆಳಗೆ ಇಳಿದ ಗುಂಡಿ, ಜೊಲ್ಲು ತಡೆಯಲಾಗದ ಜಾಗ ಇದ್ದರೆ ಲೆಕ್ಕ ತಪ್ಪುತ್ತದೆ. ಒಸಡಿನ ಅಂಚಿನಲ್ಲಿ ಎನಾಮೆಲ್ ಇರುವುದೇ ಕಡಿಮೆ, ಸೋರಿಕೆ ಹೆಚ್ಚಾಗಿ ಶುರುವಾಗುವುದು ಅಲ್ಲೇ. ಜೊಲ್ಲು ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಕಟ್ಟಿ, ಪದರ ಪದರವಾಗಿ ತುಂಬಿ, ಪ್ರತಿಯೊಂದಕ್ಕೂ ಬೆಳಕು ಹಿಡಿಯಲು ಸಮಯ ಬೇಕು. ಅಮಾಲ್ಗಮ್‌ಗೆ ಸಾಕಾಗುತ್ತಿದ್ದ ಹೊತ್ತು ಇದಕ್ಕೆ ಸಾಲುವುದಿಲ್ಲ. ವಸ್ತು ಬದಲಾದಷ್ಟು ಬೇಗ ಕುರ್ಚಿಯ ಪಕ್ಕದ ಗಡಿಯಾರ ಬದಲಾಗಲಿಲ್ಲ.

ಅಂಚಿನಲ್ಲಿ ಕಂದು ಗೆರೆ ಕಂಡ ಮಾತ್ರಕ್ಕೆ ಒಳಗೆ ಹುಳುಕಿದೆ ಎಂದಲ್ಲ, ಅದು ಬರೀ ಕಲೆಯೂ ಇರಬಹುದು. ಆದರೂ ಪೂರ್ತಿ ಕಿತ್ತು ಹೊಸದು ಹಾಕುವುದು ಬಹುಕಾಲದ ರೂಢಿ. ಬಣ್ಣ ಹಲ್ಲಿನದೇ ಆಗಿರುವುದರಿಂದ ರೆಸಿನ್ ಎಲ್ಲಿ ಮುಗಿದು ಹಲ್ಲು ಎಲ್ಲಿ ಶುರುವಾಯಿತು ಎಂದು ಕೊರೆಯುವಾಗ ಕಾಣುವುದಿಲ್ಲ. ಪ್ರತಿ ಸಲವೂ ಗುಂಡಿ ಸ್ವಲ್ಪ ದೊಡ್ಡದಾಗುತ್ತದೆ. ಕಾಂಪೋಸಿಟ್ ಮೇಲೆ ಹೊಸ ಕಾಂಪೋಸಿಟ್ ಅಂಟುತ್ತದೆ. ಹಾಗಾಗಿ ಕೆಟ್ಟ ಭಾಗವನ್ನಷ್ಟೇ ತೆಗೆದು ತೇಪೆ ಹಾಕುವುದನ್ನು ಈಗ ಅನೇಕ ದಂತ ಕಾಲೇಜುಗಳಲ್ಲಿ ಕಲಿಸುತ್ತಿದ್ದಾರೆ.